ಅದೇ ಡೋಸಿಗೆ ಹೆಚ್ಚು ಓಟ: ಉತ್ತೇಜಕ ಮಾದಕಗಳು ಮತ್ತು ಮಿದುಳಿನ ಗ್ಲುಟಮೇಟ್ ಗ್ರಾಹಕಗಳು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಇಲಿಯೊಂದಕ್ಕೆ ದೇಹತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಕೇನ್ ಚುಚ್ಚಿ ಪಂಜರದಲ್ಲಿ ಬಿಟ್ಟರೆ ಅದು ಸುಮ್ಮನೆ ಕೂರುವುದಿಲ್ಲ. ಪಂಜರದ ಅಡ್ಡಕ್ಕೆ ಹಾಯುವ ಇನ್‌ಫ್ರಾರೆಡ್ ಕಿರಣಗಳನ್ನು ಅದು ಎಷ್ಟು ಸಲ ಕಡಿಯಿತು ಎಂದು ಯಂತ್ರ ಎಣಿಸುತ್ತದೆ. ದಿನಕ್ಕೊಂದು ಚುಚ್ಚುಮದ್ದಿನಂತೆ ಐದರಿಂದ ಏಳು ದಿನ ಇದನ್ನೇ ಮಾಡಿ, ಆಮೇಲೆ ಎರಡು-ಮೂರು ವಾರ ಏನೂ ಕೊಡದೆ ಬಿಟ್ಟು, ಮತ್ತೆ ಅದೇ ಡೋಸ್ ಕೊಟ್ಟು ನೋಡಿ. ಮೊದಲ ದಿನಕ್ಕಿಂತ ಎಣಿಕೆ ಬಹಳ ಮೇಲೆ ಹೋಗಿರುತ್ತದೆ. ಔಷಧ ಮೈಗೆ ಒಗ್ಗಿಹೋಗಿ ಡೋಸ್ ಸಾಲದೆ ಬರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಇಲ್ಲಿ ಆಗಿರುವುದು ಅದರ ತದ್ವಿರುದ್ಧ. ಇದಕ್ಕೆ ಸೆನ್ಸಿಟೈಸೇಷನ್ ಎನ್ನುತ್ತಾರೆ. ಆಂಫೆಟಮಿನ್ ಕೊಟ್ಟ ಇಲಿಗಳಲ್ಲಿ ಇದು ಒಂದು ವರ್ಷದವರೆಗೂ ಉಳಿದದ್ದು ದಾಖಲಾಗಿದೆ. ಇಲಿಯ ಆಯುಸ್ಸೇ ಎರಡು-ಮೂರು ವರ್ಷ ಎಂಬುದನ್ನು ನೆನಪಿಟ್ಟರೆ ಈ ಬದಲಾವಣೆ ಎಷ್ಟು ಆಳಕ್ಕೆ ಇಳಿದಿರಬೇಕು ಎಂದು ಅಂದಾಜಾಗುತ್ತದೆ.

ಇಲಿ ಜಾಸ್ತಿ ಓಡಿದರೆ ನಮಗೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಓಟ ಒಂದು ಸೂಚಕ ಮಾತ್ರ. 1993ರಲ್ಲಿ ಟೆರ್ರಿ ರಾಬಿನ್ಸನ್ ಮತ್ತು ಕೆಂಟ್ ಬೆರ್ರಿಜ್ ಮಂಡಿಸಿದ ವಾದದ ಪ್ರಕಾರ, ಹೀಗೆ ಹರಿತಗೊಳ್ಳುವುದು ಮಾದಕದಿಂದ ಸಿಗುವ ಸುಖವಲ್ಲ, ಅದು ಬೇಕು ಎನ್ನುವ ಸೆಳೆತ. ಸುಖ ಹಾಗೇ ಇದ್ದು, ಕೆಲವೊಮ್ಮೆ ಕುಗ್ಗಿಯೂ, ಸೆಳೆತ ಮಾತ್ರ ಬೆಳೆಯಬಹುದು. ಪಾಲ್ ವೆಜಿನಾ ಅವರ ಪ್ರಯೋಗಾಲಯ ತೋರಿಸಿದಂತೆ, ಮೊದಲೇ ಆಂಫೆಟಮಿನ್‌ನಿಂದ ಸೆನ್ಸಿಟೈಸ್ ಆದ ಇಲಿಗಳು ಒಂದು ಡೋಸಿಗಾಗಿ ಸನ್ನೆಕೋಲನ್ನು ಉಳಿದವಕ್ಕಿಂತ ಹೆಚ್ಚು ಸಲ ಒತ್ತಲು ತಯಾರಿರುತ್ತವೆ. ಓಟದ ಎಣಿಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಲು ಇದೇ ಕಾರಣ.

ಈಗ ವಿಷಯಕ್ಕೆ ಬರೋಣ. ಕೊಕೇನ್ ಮಾಡುವ ಮುಖ್ಯ ಕೆಲಸ, ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕವನ್ನು ಕೋಶದೊಳಕ್ಕೆ ಹಿಂದೆಗೆದುಕೊಳ್ಳುವ ಸಾಗಣೆ ಪ್ರೋಟೀನನ್ನು ಮುಚ್ಚುವುದು. ಆಂಫೆಟಮಿನ್ ಅದೇ ಪ್ರೋಟೀನಿನ ಮೂಲಕ ಒಳನುಗ್ಗಿ ಅದನ್ನು ಹಿಮ್ಮುಖವಾಗಿ ಓಡಿಸುತ್ತದೆ. ಗ್ಲುಟಮೇಟ್ ಇನ್ನೊಂದು ಸಂದೇಶವಾಹಕ, ಮುಂದಿನ ಕೋಶವನ್ನು ಚುರುಕುಗೊಳಿಸುವಂಥದ್ದು; ಅದನ್ನು ಹಿಡಿದು ಸಂದೇಶ ಪಡೆಯುವ ಪೊರೆಯ ಪ್ರೋಟೀನೇ ಗ್ರಾಹಕ. ಕೊಕೇನ್, ಆಂಫೆಟಮಿನ್ ಎರಡೂ ಗ್ಲುಟಮೇಟ್ ಗ್ರಾಹಕಕ್ಕೆ ನೇರವಾಗಿ ಅಂಟಿ ಕೆಲಸ ಮಾಡುವ ವಸ್ತುಗಳಲ್ಲ. ಆದರೂ ಈ ಉಪನ್ಯಾಸ ಗ್ಲುಟಮೇಟಿನ ಬಗ್ಗೆ. ಕಾರಣ ಇಷ್ಟೇ: ಡೋಪಮೈನ್ ಏರುವುದು ಕೆಲವು ಗಂಟೆಗಳ ಮಾತು, ಸೆನ್ಸಿಟೈಸೇಷನ್ ಉಳಿಯುವುದು ತಿಂಗಳುಗಟ್ಟಲೆ. ಮಿದುಳಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಬದಲಾವಣೆ ಬಹುಪಾಲು ಗ್ಲುಟಮೇಟ್ ಸಿನಾಪ್ಸ್‌ಗಳಲ್ಲೇ, ಅಂದರೆ ಗ್ಲುಟಮೇಟ್ ಮೂಲಕ ಮಾತಾಡುವ ನರಕೋಶಗಳ ಸಂಧಿಗಳಲ್ಲೇ, ಬರೆಯಲ್ಪಡುತ್ತದೆ.

ಗ್ರಾಹಕಗಳ ಪರಿಚಯವನ್ನು ಬೇಗ ಮುಗಿಸುತ್ತೇನೆ. ಆಂಪಾ ಗ್ರಾಹಕ ವೇಗದ್ದು. ಗ್ಲುಟಮೇಟ್ ಬಂದೊಡನೆ ತೆರೆದು ಸೋಡಿಯಂ ಒಳಬಿಡುತ್ತದೆ. ಅದು ನಾಲ್ಕು ಉಪಘಟಕಗಳು ಸೇರಿ ಆದದ್ದು, ಗ್ಲುಎ1ರಿಂದ ಗ್ಲುಎ4ರವರೆಗೆ ನಾಲ್ಕು ಬಗೆಯವು ಲಭ್ಯ. ಇವುಗಳಲ್ಲಿ ಗ್ಲುಎ2 ಇದ್ದರೆ ಕ್ಯಾಲ್ಸಿಯಂಗೆ ಪ್ರವೇಶವಿಲ್ಲ, ಏಕೆಂದರೆ ಆರ್‌ಎನ್‌ಎ ತಿದ್ದುಪಡಿಯಿಂದ ಅದರ ರಂಧ್ರದ ಬಾಯಲ್ಲಿ ಧನಾವೇಶದ ಆರ್ಜಿನಿನ್ ಎಂಬ ಅಮೈನೊ ಆಮ್ಲ ಬಂದು ಕೂತಿರುತ್ತದೆ. ಗ್ಲುಎ2 ಇಲ್ಲದ ಗ್ರಾಹಕ ಕ್ಯಾಲ್ಸಿಯಂ ಬಿಡುತ್ತದೆ, ಜೊತೆಗೆ ಹೆಚ್ಚು ವಿದ್ಯುತ್ತನ್ನೂ ಹರಿಸುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮುಖ್ಯವಾಗುತ್ತದೆ. ಎನ್‌ಎಂಡಿಎ ಗ್ರಾಹಕದ ರಂಧ್ರಕ್ಕೆ ಮೆಗ್ನೀಸಿಯಂ ಅಯಾನಿನ ಬಿರಡೆ ಇದೆ. ಗ್ಲುಟಮೇಟ್ ಜೊತೆಗೆ ಗ್ಲೈಸಿನ್ ಅಥವಾ ಡಿ-ಸೆರಿನ್ ಬೇಕು, ಆ ಹೊತ್ತಿಗೆ ಕೋಶದ ಪೊರೆ ಈಗಾಗಲೇ ಉತ್ತೇಜಿತವಾಗಿರಬೇಕು, ಆಗ ಮಾತ್ರ ಬಿರಡೆ ಕಳಚಿ ಕ್ಯಾಲ್ಸಿಯಂ ಒಳಬರುತ್ತದೆ. ಮೂರನೆಯವು ಮೆಟಬೋಟ್ರೋಪಿಕ್ ಗ್ರಾಹಕಗಳು, ಎಂಗ್ಲು1ರಿಂದ ಎಂಗ್ಲು8. ಇವಕ್ಕೆ ರಂಧ್ರವಿಲ್ಲ, ಜಿ-ಪ್ರೋಟೀನ್ ಮೂಲಕ ನಿಧಾನವಾಗಿ ಕೆಲಸ ಮಾಡುತ್ತವೆ.

ಇಡೀ ಉಪನ್ಯಾಸಕ್ಕೆ ಒಂದೇ ವಾದ. "ಕೊಕೇನ್ ಗ್ಲುಟಮೇಟ್ ಗ್ರಾಹಕಗಳನ್ನು ಹೆಚ್ಚಿಸುತ್ತದೆ" ಎಂಬ ವಾಕ್ಯಕ್ಕೆ, ಮಿದುಳಿನ ಯಾವ ಜಾಗದಲ್ಲಿ, ಕೊನೆಯ ಡೋಸ್ ಆಗಿ ಎಷ್ಟು ದಿನಕ್ಕೆ, ಮಾದಕವನ್ನು ಪ್ರಾಣಿಗೆ ಚುಚ್ಚಲಾಗಿತ್ತೇ ಅಥವಾ ಅದು ತಾನೇ ಸನ್ನೆಕೋಲು ಒತ್ತಿ ಪಡೆಯಿತೇ ಎಂದು ಹೇಳದಿದ್ದರೆ, ಅರ್ಥವೇ ಇಲ್ಲ. ಈ ಮೂರರಲ್ಲಿ ಒಂದು ಬದಲಾದರೂ ಉತ್ತರ ತಲೆಕೆಳಗಾಗುತ್ತದೆ. ಈ ಕ್ಷೇತ್ರದ ಎಷ್ಟೋ ಜಗಳಗಳು ಇದನ್ನು ಗಮನಿಸದೆ ಹುಟ್ಟಿದವು.

ಹುಟ್ಟುವ ಜಾಗ, ಕಾಣಿಸುವ ಜಾಗ

ಆಂಫೆಟಮಿನನ್ನು ನಡುಮಿದುಳಿನ ವೆಂಟ್ರಲ್ ಟೆಗ್ಮೆಂಟಲ್ ಪ್ರದೇಶಕ್ಕೆ (ಇನ್ನು ಮುಂದೆ ವಿಟಿಎ) ಸಣ್ಣ ಸೂಜಿಯಿಂದ ನೇರ ಬಿಟ್ಟರೆ ಇಲಿ ಅವತ್ತು ವಿಶೇಷವಾಗಿ ಓಡುವುದಿಲ್ಲ. ಆದರೆ ಹಾಗೆ ಕೆಲವು ಸಲ ಮಾಡಿದ ಮೇಲೆ ಮೈಗೆ ಆಂಫೆಟಮಿನ್ ಕೊಟ್ಟರೆ ಅದು ಸೆನ್ಸಿಟೈಸ್ ಆಗಿರುತ್ತದೆ. ಅದೇ ಆಂಫೆಟಮಿನನ್ನು ಮಿದುಳಿನ ಮುಂಭಾಗದ ಆಳದಲ್ಲಿರುವ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ಗೆ (ಇನ್ನು ಮುಂದೆ ಅಕ್ಯುಂಬೆನ್ಸ್) ಬಿಟ್ಟರೆ ಇಲಿ ಆ ಕ್ಷಣವೇ ಓಡುತ್ತದೆ, ಸೆನ್ಸಿಟೈಸೇಷನ್ ಮಾತ್ರ ಹುಟ್ಟುವುದಿಲ್ಲ. ವಿಟಿಎಯ ಡೋಪಮೈನ್ ಕೋಶಗಳು ತಮ್ಮ ತಂತುಗಳನ್ನು ಚಾಚುವುದೇ ಈ ಅಕ್ಯುಂಬೆನ್ಸ್‌ಗೆ. ಹಾಗಾಗಿ ಈ ಪ್ರಯೋಗಗಳಿಂದ ಒಂದು ವಿಭಜನೆ ಸಿಕ್ಕಿತು: ಸೆನ್ಸಿಟೈಸೇಷನ್ ಮೊಳೆಯುವುದು ವಿಟಿಎಯಲ್ಲಿ, ಬೆಳೆದದ್ದು ಹೊರಗೆ ಕಾಣುವುದು ಅಕ್ಯುಂಬೆನ್ಸ್‌ನಲ್ಲಿ. ಪೀಟರ್ ಕಲಿವಾಸ್ ಮತ್ತು ಜೇನ್ ಸ್ಟೀವರ್ಟ್ 1991ರ ವಿಮರ್ಶೆಯಲ್ಲಿ ಇದನ್ನು ಒಪ್ಪವಾಗಿ ಮಂಡಿಸಿದರು.

ಗ್ಲುಟಮೇಟಿಗೆ ಇದರಲ್ಲಿ ಪಾತ್ರವಿದೆ ಎಂದು ಮೊದಲು ಗಟ್ಟಿಯಾಗಿ ತೋರಿಸಿದ್ದು 1989ರಲ್ಲಿ ಕಾರ್ಲರ್ ಮತ್ತು ಸಹೋದ್ಯೋಗಿಗಳು. ಪ್ರತಿ ಸಲ ಕೊಕೇನ್ ಅಥವಾ ಆಂಫೆಟಮಿನ್ ಕೊಡುವ ಮೊದಲು ಎನ್‌ಎಂಡಿಎ ಗ್ರಾಹಕವನ್ನು ಮುಚ್ಚುವ ಎಂಕೆ-801 ಕೊಟ್ಟರೆ ಸೆನ್ಸಿಟೈಸೇಷನ್ ಬೆಳೆಯಲಿಲ್ಲ. ಆದರೆ ಈಗಾಗಲೇ ಸೆನ್ಸಿಟೈಸ್ ಆದ ಪ್ರಾಣಿಗೆ ಪರೀಕ್ಷೆಯ ದಿನ ಅದನ್ನು ಕೊಟ್ಟರೆ ಏನೂ ಪ್ರಯೋಜನವಾಗಲಿಲ್ಲ. ಅಂದರೆ ಎನ್‌ಎಂಡಿಎ ಗ್ರಾಹಕ ಬೇಕಿರುವುದು ಬಿತ್ತುವ ಹೊತ್ತಿನಲ್ಲಿ. ಕೊಯ್ಲಿನ ಹೊತ್ತಿಗೆ ಕೆಲಸ ಆಂಪಾ ಗ್ರಾಹಕಕ್ಕೆ ದಾಟಿರುತ್ತದೆ: ಅಕ್ಯುಂಬೆನ್ಸ್‌ಗೆ ಆಂಪಾ ತಡೆಗಾರಿ ಬಿಟ್ಟರೆ ಸೆನ್ಸಿಟೈಸ್ ಆದ ಇಲಿಯ ಹೆಚ್ಚುವರಿ ಓಟ ಇಳಿಯುತ್ತದೆ.

ಎಂಕೆ-801 ಪ್ರಯೋಗ ಮೇಲ್ನೋಟಕ್ಕೆ ಸರಳ, ಒಳಗೆ ಗುಂಡಿಗಳೇ ಹೆಚ್ಚು. ಸಾಮಾನ್ಯವಾಗಿ ಪ್ರತಿ ಕಿಲೋಗೆ 0.1ರಿಂದ 0.25 ಮಿಲಿಗ್ರಾಂ, ಮಾದಕಕ್ಕೆ ಅರ್ಧ ಗಂಟೆ ಮೊದಲು. ಮೊದಲ ತೊಂದರೆ, ಎಂಕೆ-801 ತಾನೇ ಇಲಿಯನ್ನು ಓಡಿಸುತ್ತದೆ, ಡೋಸ್ ಏರಿದರೆ ತೂರಾಡಿಸುತ್ತದೆ, ಪದೇಪದೇ ಕೊಟ್ಟರೆ ತನಗೆ ತಾನೇ ಸೆನ್ಸಿಟೈಸೇಷನ್ ಹುಟ್ಟಿಸುತ್ತದೆ. ಚುಚ್ಚಿದ ದಿನದ ಓಟವನ್ನು ನೋಡಿ ತೀರ್ಮಾನಿಸಿದವರು ಮೋಸಹೋಗುತ್ತಾರೆ. ಆದ್ದರಿಂದ ಕನಿಷ್ಠ ನಾಲ್ಕು ಗುಂಪು ಬೇಕೇ ಬೇಕು, ಉಪ್ಪುನೀರು ಮಾತ್ರ, ಉಪ್ಪುನೀರು ಮತ್ತು ಮಾದಕ, ಎಂಕೆ-801 ಮಾತ್ರ, ಎಂಕೆ-801 ಮತ್ತು ಮಾದಕ. ಅಳೆಯುವುದು ಹಲವು ದಿನ ಬಿಟ್ಟು, ಎಲ್ಲರಿಗೂ ಬರೀ ಮಾದಕ ಕೊಟ್ಟು.

ಎರಡನೆಯ ತೊಂದರೆ ಇನ್ನೂ ಸೂಕ್ಷ್ಮ. ಇಲಿ ಮಾದಕದ ಅನುಭವವನ್ನು ಎಂಕೆ-801ರ ಅಮಲಿನಲ್ಲೇ ಕಲಿತಿದೆ, ಪರೀಕ್ಷೆಯ ದಿನ ಆ ಅಮಲಿಲ್ಲ. ಸೆನ್ಸಿಟೈಸೇಷನ್ ಒಳಗೆ ಇದ್ದೂ, ಸ್ಥಿತಿ ಬೇರೆಯಾದ್ದರಿಂದ ಹೊರಬಾರದೆ ಹೋಗಿರಬಹುದಲ್ಲ? ಈ ಆಕ್ಷೇಪದ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಇದಕ್ಕೆ ಸಮಾಧಾನ ಕೊಟ್ಟದ್ದು ಬೇರೆ ಬಗೆಯ ಎನ್‌ಎಂಡಿಎ ತಡೆಗಾರಿಗಳು. ಸಿಜಿಎಸ್ 19755ನಂಥವು ರಂಧ್ರವನ್ನು ಮುಚ್ಚದೆ ಗ್ಲುಟಮೇಟ್ ಕೂರುವ ಜಾಗಕ್ಕೇ ಪೈಪೋಟಿ ಮಾಡುತ್ತವೆ, ಅವೂ ಸೆನ್ಸಿಟೈಸೇಷನ್ ತಡೆದವು. ತಡೆಗಾರಿಯನ್ನು ಇಡೀ ಮೈಗೆ ಕೊಡದೆ ವಿಟಿಎಗೆ ಮಾತ್ರ ಬಿಟ್ಟಾಗಲೂ ಕೊಕೇನ್ ಸೆನ್ಸಿಟೈಸೇಷನ್ ನಿಂತಿತು. ನನ್ನ ಮಟ್ಟಿಗೆ ಸ್ಥಿತಿ-ಅವಲಂಬನೆಯ ಆಕ್ಷೇಪ ಪೂರ್ತಿ ಸತ್ತಿಲ್ಲ, ಆದರೆ ಎಲ್ಲ ಫಲಿತಾಂಶಗಳನ್ನೂ ಅದೊಂದರಿಂದಲೇ ವಿವರಿಸಲು ಸಾಧ್ಯವಿಲ್ಲ.

ಓಟ ಅಳೆಯುವುದರಲ್ಲೇ ಆಗುವ ತಪ್ಪುಗಳ ಬಗ್ಗೆಯೂ ಎರಡು ಮಾತು. ಡೋಸ್ ಹೆಚ್ಚಿದ್ದರೆ ಸೆನ್ಸಿಟೈಸ್ ಆದ ಇಲಿ ಓಡುವುದನ್ನು ಬಿಟ್ಟು ಒಂದೇ ಕಡೆ ನಿಂತು ತಲೆ ಆಡಿಸುತ್ತ, ಮೂಸುತ್ತ, ನೆಕ್ಕುತ್ತ ಇರುತ್ತದೆ. ಕಿರಣದ ಎಣಿಕೆ ಕುಸಿಯುತ್ತದೆ. ಯಂತ್ರದ ಅಂಕಿಯನ್ನಷ್ಟೇ ನಂಬಿದರೆ ಸೆನ್ಸಿಟೈಸೇಷನ್ ಇಳಿಯಿತು ಎಂದು ಬರೆದುಬಿಡುತ್ತೀರಿ, ನಿಜದಲ್ಲಿ ಅದು ಏರಿರುತ್ತದೆ. ವಿಡಿಯೋ ನೋಡಿ ಅಂಕ ಹಾಕದೆ ಗತ್ಯಂತರವಿಲ್ಲ. ಮಾದಕವನ್ನು ಚರ್ಮದಡಿಯ ಪಂಪಿನಿಂದ ಎಡೆಬಿಡದೆ ಕೊಟ್ಟರೆ ಸೆನ್ಸಿಟೈಸೇಷನ್ನಿನ ಬದಲು ಒಗ್ಗುವಿಕೆ ಬರುತ್ತದೆ. ಬಿಟ್ಟುಬಿಟ್ಟು ಕೊಡಬೇಕು. ಇನ್ನು ಪಂಜರ. ಒಂದು ಪಂಜರದಲ್ಲಿ ಕೊಕೇನ್ ಪಡೆದ ಇಲಿಯನ್ನು ಬೇರೆ ಪಂಜರದಲ್ಲಿ ಪರೀಕ್ಷಿಸಿದರೆ ಸೆನ್ಸಿಟೈಸೇಷನ್ ಕುಗ್ಗಿ ಅಥವಾ ಮಾಯವಾಗಿ ಕಾಣಬಹುದು. ಆದ್ದರಿಂದ ಅಷ್ಟೇ ಕೊಕೇನನ್ನು ತನ್ನ ಗೂಡಿನಲ್ಲಿ ಪಡೆದ ಇನ್ನೊಂದು ಗುಂಪು ಇಲ್ಲದಿದ್ದರೆ ಔಷಧದ ಪರಿಣಾಮ ಎಷ್ಟು, ಜಾಗದ ಕಲಿಕೆ ಎಷ್ಟು ಎಂದು ಬಿಡಿಸಲಾಗುವುದಿಲ್ಲ.

ಆಂಫೆಟಮಿನ್ ಗ್ಲುಟಮೇಟನ್ನು ತಲುಪುವ ದಾರಿ ಯಾವುದು? ಆಂಫೆಟಮಿನ್ ಕೊಟ್ಟ ಮೇಲೆ ವಿಟಿಎಯಲ್ಲಿ ಕೋಶಗಳ ಹೊರಗಿನ ಗ್ಲುಟಮೇಟ್ ತಕ್ಷಣ ಏರುವುದಿಲ್ಲ, ತಡವಾಗಿ, ನಿಧಾನವಾಗಿ ಏರುತ್ತದೆ. ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸನ್ನು ಮೊದಲೇ ನಾಶಮಾಡಿದ್ದರೆ ಈ ಏರಿಕೆ ಬರುವುದಿಲ್ಲ. ಮೇರಿನಾ ವುಲ್ಫ್ ಅವರ ತಂಡ ಹೀಗೆ ಕಾರ್ಟೆಕ್ಸ್ ಕಳೆದ ಇಲಿಗಳಲ್ಲಿ ಆಂಫೆಟಮಿನ್ ಸೆನ್ಸಿಟೈಸೇಷನ್ ಕೂಡ ನಿಲ್ಲುವುದನ್ನು ಕಂಡಿತು. 2014ರಲ್ಲಿ ಸೂಸನ್ ಅಮಾರಾ ಅವರ ಪ್ರಯೋಗಾಲಯ ಇನ್ನೊಂದು ದಾರಿ ಹುಡುಕಿತು. ಡೋಪಮೈನ್ ಕೋಶದೊಳಗೆ ಹೊಕ್ಕ ಆಂಫೆಟಮಿನ್, ಅಲ್ಲಿ ಗ್ಲುಟಮೇಟನ್ನು ಬಳಿದು ಒಳಗೆಳೆಯುವ ಇಎಎಟಿ3 ಎಂಬ ಸಾಗಣೆ ಪ್ರೋಟೀನನ್ನು ಪೊರೆಯಿಂದ ಒಳಕ್ಕೆ ಸೆಳೆದುಕೊಳ್ಳುವಂತೆ ಮಾಡುತ್ತದೆ. ಬಳಿಯುವವರು ಕಡಿಮೆಯಾದರೆ ಗ್ಲುಟಮೇಟ್ ಅಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ, ಗ್ರಾಹಕಗಳು ಹೆಚ್ಚು ಕೆಲಸ ಮಾಡುತ್ತವೆ.

ಒಂದೇ ಚುಚ್ಚು, ಐದು ದಿನ

2001ರಲ್ಲಿ ಅಂಗ್‌ಲೆಸ್, ವಿಸ್ಲರ್, ಮಲೆಂಕಾ ಮತ್ತು ಬೊನ್ಚಿ 'ನೇಚರ್'ನಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದ ದಿಕ್ಕು ತಿರುಗಿಸಿತು. ಇಲಿಮರಿಗೆ ಕೊಕೇನ್ ಕೊಟ್ಟದ್ದು ಒಂದೇ ಸಲ, ಪ್ರತಿ ಕಿಲೋಗೆ 15 ಮಿಲಿಗ್ರಾಂ. ಮರುದಿನ ವಿಟಿಎಯ ತೆಳುಪದರ ತೆಗೆದು ಡೋಪಮೈನ್ ಕೋಶಗಳಲ್ಲಿ ಆಂಪಾ ವಿದ್ಯುತ್ತನ್ನು ಎನ್‌ಎಂಡಿಎ ವಿದ್ಯುತ್ತಿನಿಂದ ಭಾಗಿಸಿ ನೋಡಿದರು. ಅನುಪಾತ ಏರಿತ್ತು. ಐದನೆಯ ದಿನವೂ ಏರಿಯೇ ಇತ್ತು, ಹತ್ತನೆಯ ದಿನಕ್ಕೆ ಮಾಮೂಲಿಗೆ ಮರಳಿತ್ತು. ಮೊದಲೇ ಎಂಕೆ-801 ಕೊಟ್ಟಿದ್ದರೆ ಏರುತ್ತಲೇ ಇರಲಿಲ್ಲ. 2003ರಲ್ಲಿ ಇದೇ ಬಳಗ ಆಂಫೆಟಮಿನ್, ಮಾರ್ಫಿನ್, ನಿಕೋಟಿನ್, ಮದ್ಯ ಎಲ್ಲವೂ ಇದನ್ನೇ ಮಾಡುತ್ತವೆ ಎಂದು ತೋರಿಸಿತು. ತೀವ್ರ ಒತ್ತಡವೂ ಮಾಡುತ್ತದೆ. ಚಟ ಹಿಡಿಸದ ಫ್ಲೂಆಕ್ಸೆಟಿನ್, ಕಾರ್ಬಮಜೆಪಿನ್ ಮಾಡುವುದಿಲ್ಲ.

ಈ ಅನುಪಾತವನ್ನು ಹೇಗೆ ತೆಗೆಯುತ್ತಾರೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ಹತ್ತು ವರ್ಷದ ಗೊಂದಲ ಇದರೊಳಗೇ ಅಡಗಿತ್ತು. ಮಿದುಳಿನ ಪದರವನ್ನು ಆಮ್ಲಜನಕ ತುಂಬಿದ ಲವಣದ್ರಾವಣದಲ್ಲಿ ಇಟ್ಟು, ತಡೆಯೊಡ್ಡುವ ಗಾಬಾ ವಿದ್ಯುತ್ತನ್ನು ಪಿಕ್ರೋಟಾಕ್ಸಿನ್‌ನಿಂದ ಮುಚ್ಚುತ್ತಾರೆ. ಗಾಜಿನ ಪಿಪೆಟ್ಟನ್ನು ಒಂದು ಕೋಶಕ್ಕೆ ಅಂಟಿಸಿ ಅದರ ವೋಲ್ಟೇಜನ್ನು ಪ್ಲಸ್ 40 ಮಿಲಿವೋಲ್ಟ್‌ನಲ್ಲಿ ಹಿಡಿಯುತ್ತಾರೆ. ಆ ವೋಲ್ಟೇಜಿನಲ್ಲಿ ಮೆಗ್ನೀಸಿಯಂ ಬಿರಡೆ ಇರುವುದಿಲ್ಲ, ಎರಡೂ ಗ್ರಾಹಕ ತೆರೆಯುತ್ತವೆ. ಹತ್ತಿರದ ತಂತುಗಳನ್ನು ಪ್ರಚೋದಿಸಿ ಒಟ್ಟು ವಿದ್ಯುತ್ತನ್ನು ಹಲವು ಸಲ ದಾಖಲಿಸಿ ಸರಾಸರಿ ತೆಗೆಯುತ್ತಾರೆ. ಆಮೇಲೆ 50 ಮೈಕ್ರೋಮೋಲಾರ್ ಎಪಿ5 ಹರಿಸಿದರೆ ಎನ್‌ಎಂಡಿಎ ಮುಚ್ಚಿ ಆಂಪಾ ಮಾತ್ರ ಉಳಿಯುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಎನ್‌ಎಂಡಿಎ ಭಾಗ. ಎರಡರ ಶಿಖರಗಳನ್ನು ಭಾಗಿಸಿದರೆ ಅನುಪಾತ.

ಅನುಪಾತ ಏರಿತು ಎಂದರೆ ಮೇಲಿನ ಅಂಕಿ ಹೆಚ್ಚಾಗಿರಬಹುದು, ಕೆಳಗಿನ ಅಂಕಿ ಕಡಿಮೆಯಾಗಿರಬಹುದು, ಎರಡೂ ಆಗಿರಬಹುದು. ಎರಡೂ ಆಗಿರುತ್ತದೆ ಎಂದು ಕ್ರಿಶ್ಚಿಯನ್ ಲೂಷರ್ ಬಳಗದ ಮುಂದಿನ ಕೆಲಸ ತಿಳಿಸಿತು: ಗ್ಲುಎ2 ಇಲ್ಲದ ಆಂಪಾ ಗ್ರಾಹಕಗಳು ಬಂದು ಸೇರುತ್ತವೆ, ಅದೇ ಸಿನಾಪ್ಸಿನ ಎನ್‌ಎಂಡಿಎ ವಿದ್ಯುತ್ತು ಇಳಿಯುತ್ತದೆ. ಇಲ್ಲಿ ಇನ್ನೊಂದು ಕೊಕ್ಕೆ ಇದೆ. ಗ್ಲುಎ2 ಇಲ್ಲದ ಗ್ರಾಹಕಗಳು ಪ್ಲಸ್ 40ರಲ್ಲಿ ಬಹಳ ಕಡಿಮೆ ವಿದ್ಯುತ್ತು ಹರಿಸುತ್ತವೆ, ಕೋಶದೊಳಗಿನ ಸ್ಪರ್ಮಿನ್‌ನಂಥ ಪಾಲಿಅಮೀನ್‌ಗಳು ಅವುಗಳ ರಂಧ್ರಕ್ಕೆ ಒಳಗಿನಿಂದ ಅಡ್ಡ ಕೂರುವುದರಿಂದ. ಅಂದರೆ ಯಾವ ಬದಲಾವಣೆ ದೊಡ್ಡದೋ ಅದನ್ನೇ ಈ ಅಳತೆ ಕಡಿಮೆ ತೋರಿಸುತ್ತದೆ. ಅವನ್ನು ಹಿಡಿಯಲು ಮೈನಸ್ 70, ಸೊನ್ನೆ, ಪ್ಲಸ್ 40ರಲ್ಲಿ ಆಂಪಾ ವಿದ್ಯುತ್ತನ್ನು ಪ್ರತ್ಯೇಕ ಅಳೆದು ವೋಲ್ಟೇಜು-ವಿದ್ಯುತ್ತಿನ ನಕ್ಷೆಯ ಗೆರೆ ಬಾಗುತ್ತದೆಯೇ ನೋಡಬೇಕು. ಹಾಗೆ ಮಾಡುವಾಗ ಪಿಪೆಟ್ಟಿನ ದ್ರಾವಣಕ್ಕೆ ಸುಮಾರು 100 ಮೈಕ್ರೋಮೋಲಾರ್ ಸ್ಪರ್ಮಿನ್ ಹಾಕಲೇಬೇಕು. ಮರೆತರೆ ಕೋಶದ ಸ್ವಂತ ಪಾಲಿಅಮೀನ್ ಪಿಪೆಟ್ಟಿಗೆ ಸೋರಿಹೋಗಿ ಗೆರೆ ನೇರವಾಗುತ್ತದೆ, ಗ್ಲುಎ2 ಇಲ್ಲದ ಗ್ರಾಹಕಗಳೇ ಇಲ್ಲ ಎಂಬ ಸುಳ್ಳು ಉತ್ತರ ಸಿಗುತ್ತದೆ.

ಹಾಗಾದರೆ ವಿಟಿಎಯ ಈ ಬದಲಾವಣೆಯೇ ಸೆನ್ಸಿಟೈಸೇಷನ್ನೇ? ಅಲ್ಲ. ಏಳು ದಿನ ಕೊಕೇನ್ ಕೊಟ್ಟರೂ ಈ ಏರಿಕೆ ಒಂದು ಡೋಸಿನದಕ್ಕಿಂತ ದೊಡ್ಡದಾಗಲಿಲ್ಲ, ಹೆಚ್ಚು ಕಾಲವೂ ನಿಲ್ಲಲಿಲ್ಲ ಎಂದು 2004ರಲ್ಲಿ ಬೋರ್ಗ್‌ಲ್ಯಾಂಡ್ ಮತ್ತು ಸಂಗಡಿಗರು ವರದಿ ಮಾಡಿದರು. 2008ರಲ್ಲಿ ಎರಡು ತಂಡಗಳು ಡೋಪಮೈನ್ ಕೋಶಗಳಲ್ಲಿ ಮಾತ್ರ ಎನ್‌ಎಂಡಿಎ ಗ್ರಾಹಕದ ಅತ್ಯಗತ್ಯ ಉಪಘಟಕವನ್ನು ತೆಗೆದ ಇಲಿಗಳನ್ನು ತಯಾರಿಸಿದವು. ಅವುಗಳಲ್ಲಿ ಕೊಕೇನಿನಿಂದಾಗುವ ಸಿನಾಪ್ಸಿನ ಬಲವರ್ಧನೆ ಬರಲಿಲ್ಲ, ಆದರೆ ಓಟದ ಸೆನ್ಸಿಟೈಸೇಷನ್ ಬೆಳೆಯಿತು. ಹಾಗಾಗಿ ಎಂಕೆ-801 ತಡೆಯುವ ಎನ್‌ಎಂಡಿಎ ಗ್ರಾಹಕಗಳು ಡೋಪಮೈನ್ ಕೋಶದ ಮೇಲಿನವಷ್ಟೇ ಎಂದು ಹೇಳಲು ಬರುವುದಿಲ್ಲ. ಪಠ್ಯಪುಸ್ತಕಗಳ ಚಿತ್ರಗಳು ಈ ಭಾಗವನ್ನು ಸುಲಭ ಮಾಡಿಬಿಟ್ಟಿವೆ ಎಂಬುದು ನನ್ನ ತಕರಾರು. ಐದು ದಿನದ ಈ ಬದಲಾವಣೆಯನ್ನು ಮುಂದಿನ ಬದಲಾವಣೆಗಳಿಗೆ ಬಾಗಿಲು ತೆರೆಯುವ ಘಟ್ಟವೆಂದು ನೋಡುವುದು ಹೆಚ್ಚು ಸರಿ.

ಅಕ್ಯುಂಬೆನ್ಸ್‌ನ ಏರಿಳಿತ

2001ರಲ್ಲೇ ಥಾಮಸ್ ಮತ್ತು ಸಂಗಡಿಗರು ಅಕ್ಯುಂಬೆನ್ಸ್‌ನ ಹೊರಕವಚದ ಭಾಗದಲ್ಲಿ, ಐದು ದಿನ ಕೊಕೇನ್ ಪಡೆದ ಇಲಿಗಳಲ್ಲಿ, ಆಂಪಾ-ಎನ್‌ಎಂಡಿಎ ಅನುಪಾತ ಇಳಿದಿದೆ ಎಂದು ವರದಿ ಮಾಡಿದರು. 2005ರಲ್ಲಿ ಬುಡ್ರೋ ಮತ್ತು ವುಲ್ಫ್ ಅದೇ ಅಕ್ಯುಂಬೆನ್ಸ್‌ನಲ್ಲಿ ಪೊರೆಯ ಮೇಲಿನ ಆಂಪಾ ಗ್ರಾಹಕಗಳು ಹೆಚ್ಚಿವೆ ಎಂದರು. ಎರಡೂ ಒಳ್ಳೆಯ ಕೆಲಸ. ಯಾರು ಸರಿ?

ಬುಡ್ರೋ ಬಳಸಿದ ವಿಧಾನ ಸೊಗಸಾದದ್ದು. ಅಕ್ಯುಂಬೆನ್ಸನ್ನು 400 ಮೈಕ್ರೋಮೀಟರಿನ ತುಣುಕುಗಳಾಗಿ ಕೊಚ್ಚಿ, ಬಿಎಸ್3 ಎಂಬ ಅಡ್ಡಕೊಂಡಿ ರಾಸಾಯನಿಕದಲ್ಲಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಇಡುತ್ತಾರೆ. ಬಿಎಸ್3 ಕೋಶದೊಳಗೆ ಹೋಗಲಾರದು, ಆದ್ದರಿಂದ ಹೊರಗೆ ತಲೆಹಾಕಿದ ಪ್ರೋಟೀನುಗಳನ್ನು ಮಾತ್ರ ಒಂದಕ್ಕೊಂದು ಹೆಣೆದು ಭಾರಿ ಗಂಟುಗಳನ್ನಾಗಿ ಮಾಡುತ್ತದೆ. ಗ್ಲೈಸಿನ್ ಹಾಕಿ ಕ್ರಿಯೆ ನಿಲ್ಲಿಸಿ, ಜೆಲ್ ಮೇಲೆ ಓಡಿಸಿದರೆ ಒಳಗಿನ ಗ್ಲುಎ1 ತನ್ನ ಸಹಜ ತೂಕದಲ್ಲಿ, ಸುಮಾರು 100 ಕಿಲೋಡಾಲ್ಟನ್ ಬಳಿ ನಿಲ್ಲುತ್ತದೆ. ಹೊರಗಿನದು ಎಷ್ಟೋ ಮೇಲೆ ಸಿಕ್ಕಿಕೊಳ್ಳುತ್ತದೆ. ಎರಡು ಪಟ್ಟಿಗಳ ಅನುಪಾತವೇ ಉತ್ತರ. ಬಿಎಸ್3 ನೀರಿನಲ್ಲಿ ತಾನೇ ಒಡೆದುಹೋಗುತ್ತದೆ, ಹಿಂದಿನ ದಿನ ಕಲಸಿಟ್ಟದ್ದು ಕೆಲಸಕ್ಕೆ ಬಾರದು. ತುಣುಕುಗಳ ಪೊರೆ ಹರಿದಿದ್ದರೆ ಬಿಎಸ್3 ಒಳನುಗ್ಗಿ ಒಳಗಿನದನ್ನೂ ಹೆಣೆಯುತ್ತದೆ. ಅದಕ್ಕೆ ಕೋಶದೊಳಗೆ ಮಾತ್ರ ಇರುವ ಯಾವುದಾದರೂ ಪ್ರೋಟೀನು ಹೆಣೆಯದೆ ಉಳಿದಿದೆಯೇ ಎಂದು ಪಕ್ಕದಲ್ಲೇ ನೋಡಿಕೊಳ್ಳಬೇಕು.

ಫಲಿತಾಂಶದಲ್ಲಿ ಎರಡು ಸಂಗತಿ ಗಮನಾರ್ಹ. ಕೊನೆಯ ಡೋಸಿನ ಮರುದಿನ ಏರಿಕೆ ಇರಲಿಲ್ಲ, ಮೂರು ವಾರಕ್ಕೆ ಬಂತು. ಬಂದದ್ದು ಸೆನ್ಸಿಟೈಸ್ ಆದ ಇಲಿಗಳಲ್ಲಿ ಮಾತ್ರ. ಅಷ್ಟೇ ಕೊಕೇನ್ ಪಡೆದೂ ಸೆನ್ಸಿಟೈಸ್ ಆಗದ ಇಲಿಗಳಲ್ಲಿ ಇರಲಿಲ್ಲ.

ಒಗಟು ಬಿಡಿಸಿದ್ದು ಪರೀಕ್ಷೆಯ ಡೋಸ್. ಥಾಮಸ್ ತಂಡ 10ರಿಂದ 14 ದಿನ ಬಿಡುವಿನ ನಂತರ ಕೊಕೇನನ್ನು ಮತ್ತೊಮ್ಮೆ ಕೊಟ್ಟು, ಅದರ ಮರುದಿನ ದಾಖಲಿಸಿತ್ತು. ಬುಡ್ರೋ ಹಾಗೆ ಕೊಟ್ಟಿರಲಿಲ್ಲ. 2007ರಲ್ಲಿ ಕೌರಿಚ್ ಮತ್ತು ಥಾಮಸ್ ಬಳಗ ಎರಡನ್ನೂ ಒಂದೇ ಕಡೆ ಮಾಡಿ ನೋಡಿತು: ಬಿಡುವಿನ ನಂತರ ಸಿನಾಪ್ಸ್ ಬಲವಾಗಿತ್ತು, ಒಂದೇ ಒಂದು ಮರುಡೋಸ್ ಕೊಟ್ಟ ಮರುದಿನ ದುರ್ಬಲವಾಗಿತ್ತು. ಬುಡ್ರೋ ಮತ್ತು ವುಲ್ಫ್ ಸಹ ಮರುಡೋಸಿನ 24 ಗಂಟೆಗೆ ಪೊರೆಯ ಗ್ರಾಹಕಗಳು ಇಳಿದದ್ದನ್ನು ಕಂಡರು. ಒಂದೇ ಚುಚ್ಚಿನ ಅಂತರದಲ್ಲಿ ಉತ್ತರ ತಲೆಕೆಳಗಾಗಿತ್ತು.

ಇನ್ನೊಂದು ಅನಿರೀಕ್ಷಿತ ಸಂಗತಿ. ಆಂಫೆಟಮಿನ್‌ನಿಂದಲೂ ಓಟದ ಸೆನ್ಸಿಟೈಸೇಷನ್ ಚೆನ್ನಾಗಿ ಬರುತ್ತದೆ, ಆದರೆ 2009ರ ವರದಿಯಂತೆ ಅಕ್ಯುಂಬೆನ್ಸ್‌ನಲ್ಲಿ ಆಂಪಾ ಗ್ರಾಹಕಗಳ ಈ ಏರಿಕೆ ಬರುವುದಿಲ್ಲ. ಹೊರಗೆ ಒಂದೇ ರೀತಿ ಓಡುವ ಎರಡು ಇಲಿಗಳ ಒಳಗೆ ಬೇರೆ ಬೇರೆ ಬದಲಾವಣೆ ಆಗಿರಬಹುದು. ಉತ್ತೇಜಕಗಳು ಎಂದು ಕೊಕೇನ್, ಆಂಫೆಟಮಿನ್ ಎರಡನ್ನೂ ಒಂದೇ ಚೀಲಕ್ಕೆ ತುಂಬುವ ಅಭ್ಯಾಸವನ್ನು ಇಲ್ಲಾದರೂ ಬಿಡಬೇಕು.

ಚುಚ್ಚುವುದಕ್ಕೂ ಪ್ರಾಣಿ ತಾನೇ ಪಡೆಯುವುದಕ್ಕೂ ಇರುವ ವ್ಯತ್ಯಾಸ ಇನ್ನೂ ದೊಡ್ಡದು. ದಿನಕ್ಕೆ 6 ಗಂಟೆಯಂತೆ 10 ದಿನ ಇಲಿ ತಾನೇ ಕೊಕೇನ್ ಪಡೆದು, ನಂತರ ಅದಕ್ಕೆ ಏನೂ ಸಿಗದಂತೆ ಇಟ್ಟರೆ, ಮಾದಕವನ್ನು ನೆನಪಿಸುವ ದೀಪ ಅಥವಾ ಸದ್ದಿಗೆ ಅದರ ತವಕ ವಾರಗಳು ಕಳೆದಂತೆ ಕಡಿಮೆಯಾಗದೆ ಏರುತ್ತದೆ. ಹೀಗೆ ತವಕ ಏರುವುದನ್ನು ಗ್ರಿಮ್ ಮತ್ತು ಸಂಗಡಿಗರು 2001ರಲ್ಲಿ ಇಲಿಗಳಲ್ಲಿ ತೋರಿಸಿದ್ದರು. 2008ರಲ್ಲಿ ಕಾನ್ರಡ್, ವುಲ್ಫ್ ಮತ್ತಿತರರು ಅದಕ್ಕೆ ಗ್ರಾಹಕವನ್ನು ಜೋಡಿಸಿದರು. ಬಿಡುವು ಒಂದು ತಿಂಗಳು ದಾಟಿದ ಇಲಿಗಳ ಅಕ್ಯುಂಬೆನ್ಸ್‌ನಲ್ಲಿ ಗ್ಲುಎ2 ಇಲ್ಲದ ಆಂಪಾ ಗ್ರಾಹಕಗಳು ನೆಲೆಯೂರಿದ್ದವು, ಅವನ್ನು ಮಾತ್ರ ಮುಚ್ಚುವ ನಾಸ್ಪಂ ಎಂಬ ವಸ್ತುವನ್ನು ಅಲ್ಲಿಗೆ ಬಿಟ್ಟರೆ ತವಕ ಇಳಿಯಿತು. ಬರೀ ಚುಚ್ಚಿಸಿಕೊಂಡ ಇಲಿಗಳಲ್ಲಿ ಈ ಗ್ರಾಹಕಗಳು ಬರುವುದಿಲ್ಲ. ಮೆಥಾಂಫೆಟಮಿನ್ ತಾವೇ ಪಡೆದ ಇಲಿಗಳಲ್ಲಿ ಬರುತ್ತವೆ.

ಅವು ಬರುವ ಮೊದಲು ಇನ್ನೊಂದು ಘಟನೆ ನಡೆದಿರುತ್ತದೆ. ಪೊರೆಯ ಮೇಲಿನ ಎಂಗ್ಲು1 ಗ್ರಾಹಕ ಇಳಿಯುತ್ತದೆ. ಎಂಗ್ಲು1 ಚುರುಕಾಗಿದ್ದಾಗ ಗ್ಲುಎ2 ಇಲ್ಲದ ಗ್ರಾಹಕಗಳನ್ನು ಸಿನಾಪ್ಸಿನಿಂದ ತೆಗೆಸಿಹಾಕುತ್ತದೆ. ಬಿಡುವಿನ ಅವಧಿಯಲ್ಲಿ ಎಂಗ್ಲು1ರ ಕೆಲಸವನ್ನು ಹೆಚ್ಚಿಸುವ ಔಷಧ ಕೊಟ್ಟಾಗ ಈ ಗ್ರಾಹಕಗಳೂ ಹೋದವು, ತವಕವೂ ತಗ್ಗಿತು ಎಂದು 2014ರಲ್ಲಿ ಲೋವೆತ್ ಮತ್ತು ಸಂಗಡಿಗರು ತೋರಿಸಿದರು. ಚಿಕಿತ್ಸೆಯ ದೃಷ್ಟಿಯಿಂದ ಇಡೀ ಕ್ಷೇತ್ರದಲ್ಲಿ ನನಗೆ ಹೆಚ್ಚು ಭರವಸೆ ಹುಟ್ಟಿಸುವ ತಂತು ಇದು. ಎಂಕೆ-801ರ ತರ್ಕ ಚಿಕಿತ್ಸೆಗೆ ಒದಗುವುದಿಲ್ಲ, ಏಕೆಂದರೆ ವೈದ್ಯರ ಬಳಿ ಬರುವ ಹೊತ್ತಿಗೆ ಬಿತ್ತನೆಯ ಹಂತ ಎಂದೋ ಮುಗಿದಿರುತ್ತದೆ.

ಬೆಳಕಿನಿಂದ ಅಳಿಸುವ ಪ್ರಯತ್ನವೂ ನಡೆದಿದೆ. 2012ರಲ್ಲಿ ಪಾಸ್ಕೊಲಿ, ಟುರಿಯೊ ಮತ್ತು ಲೂಷರ್, ಡಿ1 ಡೋಪಮೈನ್ ಗ್ರಾಹಕವಿರುವ ಅಕ್ಯುಂಬೆನ್ಸ್ ಕೋಶಗಳ ಸಿನಾಪ್ಸ್ ಒಂದು ಕೊಕೇನ್ ಡೋಸಿನಿಂದ ಬಲಗೊಳ್ಳುವುದನ್ನು ತೋರಿಸಿ, ಕಾರ್ಟೆಕ್ಸಿನಿಂದ ಅಲ್ಲಿಗೆ ಬರುವ ತಂತುಗಳನ್ನು, ಅವಕ್ಕೆ ಬೆಳಕಿಗೆ ಸ್ಪಂದಿಸುವ ಪ್ರೋಟೀನು ಸೇರಿಸಿ, ಸೆಕೆಂಡಿಗೆ ಒಂದು ಮಿನುಗಿನಂತೆ 10 ನಿಮಿಷ ಪ್ರಚೋದಿಸಿದರು. ಸಿನಾಪ್ಸ್ ಮೊದಲಿನ ಬಲಕ್ಕೆ ಇಳಿಯಿತು, ಓಟದ ಸೆನ್ಸಿಟೈಸೇಷನ್ ಮಾಯವಾಯಿತು. ಗ್ರಾಹಕದ ಬದಲಾವಣೆ ಮತ್ತು ವರ್ತನೆ ಜೊತೆಜೊತೆಗೆ ಕಾಣುತ್ತವೆ ಎಂದಷ್ಟೇ ಹೇಳುತ್ತಿದ್ದ ಮಾತು ಈ ಪ್ರಯೋಗದಿಂದ ಕಾರಣ-ಪರಿಣಾಮದ ಮಾತಾಯಿತು. ಮನುಷ್ಯನ ಮಿದುಳಿಗೆ ಬೆಳಕಿಗೆ ಸ್ಪಂದಿಸುವ ಪ್ರೋಟೀನು ಸೇರಿಸುವುದು ಸುಲಭವಲ್ಲವಾದ್ದರಿಂದ, 2015ರಲ್ಲಿ ಅದೇ ಗುಂಪು ವಿದ್ಯುದಗ್ರದಿಂದ 12 ಹರ್ಟ್ಜ್ ಪ್ರಚೋದನೆ ಕೊಟ್ಟಿತು. ಅದೊಂದರಿಂದಲೇ ಕೆಲಸವಾಗಲಿಲ್ಲ. ಪ್ರಚೋದನೆ ಡೋಪಮೈನನ್ನೂ ಪ್ರಭಾವಿಸಿ ಸಿನಾಪ್ಸ್ ದುರ್ಬಲಗೊಳ್ಳದಂತೆ ಮಾಡುತ್ತಿತ್ತು. ಜೊತೆಗೆ ಡಿ1 ತಡೆಗಾರಿ ಕೊಟ್ಟಾಗ ಇಲಿಗಳಲ್ಲಿ ಸೆನ್ಸಿಟೈಸೇಷನ್ ಇಳಿಯಿತು.

ಮನುಷ್ಯರಲ್ಲಿ

ಇಸಾಬೆಲ್ ಬ್ವಾಲೊ ಮತ್ತು ಸಂಗಡಿಗರು 2006ರಲ್ಲಿ ಆರೋಗ್ಯವಂತ ಪುರುಷರಿಗೆ ಕಿಲೋಗೆ 0.3 ಮಿಲಿಗ್ರಾಂ ಆಂಫೆಟಮಿನನ್ನು ಮೂರು ಸಲ ಕೊಟ್ಟು ಪೆಟ್ ಸ್ಕ್ಯಾನ್ (ವಿಕಿರಣಶೀಲ ಗುರುತುಕಾರಿಯಿಂದ ಜೀವಂತ ಮಿದುಳನ್ನು ಚಿತ್ರಿಸುವ ವಿಧಾನ) ಮಾಡಿದರು. ಎರಡು ವಾರದ ನಂತರವೂ, ಒಂದು ವರ್ಷದ ನಂತರವೂ, ಅದೇ ಡೋಸ್ ಹೆಚ್ಚು ಡೋಪಮೈನ್ ಬಿಡುಗಡೆ ಮಾಡಿಸಿತು. ಆದರೆ ವರ್ಷಗಟ್ಟಲೆ ಕೊಕೇನ್ ಬಳಸಿದವರಲ್ಲಿ ಡೋಪಮೈನ್ ಬಿಡುಗಡೆ ಕುಗ್ಗಿರುತ್ತದೆ ಎಂದು ನೋರಾ ವೋಲ್ಕೋ ತಂಡ 1997ರಲ್ಲೇ ತೋರಿಸಿತ್ತು. ಮೂರು ಡೋಸ್ ಪಡೆದವರನ್ನೂ ವರ್ಷಗಟ್ಟಲೆ ಬಳಸಿದವರನ್ನೂ ಒಂದೇ ಗೆರೆಯ ಮೇಲಿಡಲಾಗದು. ಡೋಪಮೈನ್ ಕುಗ್ಗಿದ್ದರೂ ತವಕ ಏರಬಹುದು ಎನ್ನುವುದಕ್ಕೆ ಅಕ್ಯುಂಬೆನ್ಸ್‌ನ ಗ್ಲುಟಮೇಟ್ ಒಂದು ಕಾರಣವಾಗಬಲ್ಲದು.

ಔಷಧಗಳ ಸ್ಥಿತಿ ಉತ್ತೇಜನಕಾರಿಯಾಗಿಲ್ಲ. ಕಲಿವಾಸ್ ಬಳಗ ಕಂಡಂತೆ, ಕೊಕೇನ್ ಬಿಟ್ಟ ಇಲಿಯ ಅಕ್ಯುಂಬೆನ್ಸ್‌ನಲ್ಲಿ ಹೊರಗಿನ ಗ್ಲುಟಮೇಟ್ ಮಾಮೂಲಿಗಿಂತ ಕಡಿಮೆ ಇರುತ್ತದೆ. ನರಕೋಶಗಳಿಗೆ ಆಸರೆಯಾಗಿರುವ ಪಕ್ಕದ ಗ್ಲಿಯಾ ಕೋಶಗಳು ಸಿಸ್ಟಿನ್ ಎಂಬ ಅಮೈನೊ ಆಮ್ಲ ತೆಗೆದುಕೊಂಡು ಗ್ಲುಟಮೇಟ್ ಹೊರಬಿಡುವ ವಿನಿಮಯ ಮಂದವಾಗಿರುತ್ತದೆ. ಹೊರಗಿನ ಮಟ್ಟ ಇಳಿದರೆ, ಬಿಡುಗಡೆಗೆ ಕಡಿವಾಣ ಹಾಕುವ ಎಂಗ್ಲು2 ಮತ್ತು 3 ಗ್ರಾಹಕಗಳು ಸಡಿಲಗೊಳ್ಳುತ್ತವೆ, ನೆನಪಿಸುವ ಸೂಚನೆ ಬಂದಾಗ ಗ್ಲುಟಮೇಟ್ ಉಕ್ಕುತ್ತದೆ. ಆ ವಿನಿಮಯವನ್ನು ಚುರುಕಾಗಿಸುವ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಕೊಟ್ಟರೆ ಇಲಿಗಳಲ್ಲಿ ಇದು ಸರಿಹೋಗುತ್ತದೆ. ಮನುಷ್ಯರಲ್ಲಿ ದಿನಕ್ಕೆ 1200 ಅಥವಾ 2400 ಮಿಲಿಗ್ರಾಂನಂತೆ 8 ವಾರ ನಡೆದ, 2013ರಲ್ಲಿ ಪ್ರಕಟವಾದ ಕೊಕೇನ್ ಪ್ರಯೋಗ ಒಟ್ಟಾರೆ ಸೋತಿತು. ಆರಂಭಕ್ಕೇ ಕೊಕೇನ್ ಬಿಟ್ಟಿದ್ದವರಲ್ಲಿ ಮಾತ್ರ ಚಟಕ್ಕೆ ಮರಳುವುದು ತಡವಾದಂತೆ ಕಂಡಿತು. ಮೆಥಾಂಫೆಟಮಿನ್ ಬಳಸುವವರಿಗೆ 12 ವಾರ ದಿನಕ್ಕೆ 2400 ಮಿಲಿಗ್ರಾಂ ಕೊಟ್ಟ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 2021ರ ವರದಿಯಂತೆ ಲಾಭ ಕಾಣಲಿಲ್ಲ. ಇಲಿಯಲ್ಲಿ ಈ ಔಷಧ ಕೆಲಸ ಮಾಡಿದ್ದು ಬಿಡುವಿನ ಹಂತದಲ್ಲಿ. ಇನ್ನೂ ಬಳಸುತ್ತಿರುವವರಿಗೆ ಕೊಟ್ಟು ಅದೇ ಫಲ ನಿರೀಕ್ಷಿಸುವುದು ಹಂತವನ್ನು ಮರೆತಂತೆ.

ಮನುಷ್ಯರಲ್ಲಿ ಯಾರು ಯಾವ ಹಂತದಲ್ಲಿದ್ದಾರೆ ಎಂದು ಅಳೆಯುವ ಸಾಧನ ಬಹಳ ಕಾಲ ಇರಲಿಲ್ಲ. ಎಂಗ್ಲು5 ಗ್ರಾಹಕವನ್ನು ಪೆಟ್‌ನಲ್ಲಿ ನೋಡಬಹುದು, ಕೊಕೇನ್ ಬಳಸುವವರಲ್ಲಿ ಅದು ಕಡಿಮೆ ಇರುವುದು ಕಂಡಿದೆ. 2020ರಲ್ಲಿ ಜಪಾನಿನ ಯೊಕೊಹಾಮಾದ ತಂಡ ಜೀವಂತ ಮನುಷ್ಯನ ಮಿದುಳಿನಲ್ಲಿ ಆಂಪಾ ಗ್ರಾಹಕಗಳನ್ನು ತೋರಿಸುವ ಕೆ-2 ಎಂಬ ಪೆಟ್ ಗುರುತುಕಾರಿಯನ್ನು ಪ್ರಕಟಿಸಿತು. ಒಬ್ಬನೇ ವ್ಯಕ್ತಿಯನ್ನು, ಮಾದಕ ಬಿಟ್ಟ ಮೊದಲ ವಾರ, ಒಂದು ತಿಂಗಳು, ಎರಡು ತಿಂಗಳು ಎಂದು ಮತ್ತೆಮತ್ತೆ ನೋಡುವುದು ಇದರಿಂದ ತಾತ್ವಿಕವಾಗಿ ಸಾಧ್ಯ. ಆದರೆ ಕೆ-2 ಗ್ಲುಎ2 ಇರುವ ಗ್ರಾಹಕ, ಇಲ್ಲದ ಗ್ರಾಹಕ ಎಂದು ಬೇರ್ಪಡಿಸಿ ತೋರಿಸುವುದಿಲ್ಲ. ಅಕ್ಯುಂಬೆನ್ಸ್ ಸಣ್ಣ ಜಾಗ, ಪೆಟ್‌ನ ಒಂದು ಚುಕ್ಕೆಯೇ ಕೆಲವು ಮಿಲಿಮೀಟರ್ ಅಗಲ. ಒಟ್ಟು ಗ್ರಾಹಕಗಳ ಸಂಖ್ಯೆ ಬದಲಾಗದೆ ಅವುಗಳ ಜೋಡಣೆ ಮಾತ್ರ ಬದಲಾಗಿದ್ದರೆ ಸ್ಕ್ಯಾನ್‌ನಲ್ಲಿ ಏನೂ ಕಾಣುವುದಿಲ್ಲ.